ಪರದೇಶದಿಂದ ಮರಳಿದ ಠಕ್ಕ

ತಿಂಥಣಿಯ ಮೌನೇಶ್ವರನ ಜಾತ್ರೆಯ ಗದ್ದಲವನ್ನು ಬಲ್ಲವರು, ಅಲ್ಲಿಂದ ಕೃಷ್ಣೆಯ ದಂಡೆಗೆ ಇಳಿದೊಡನೆ ದೊರೆಯುವ ಶಾಂತಿಯನ್ನೂ ಬಲ್ಲರು. ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ತಲೆಬಾಗುವ ಆ ಕ್ಷೇತ್ರದಲ್ಲಿ ಈಚೆಗೊಮ್ಮೆ ಕಾಲೇಜು ಹುಡುಗನೊಬ್ಬನು ನನ್ನ ಪಕ್ಕದಲ್ಲಿ ಬಂದು ನಿಂತನು. ಅವನ ಅಂಗಿಯ ಎದೆಯ ಮೇಲೆ ಇಂಗ್ಲಿಷಿನ ದಪ್ಪ ಅಕ್ಷರಗಳಲ್ಲಿ ‘ಥಗ್ ಲೈಫ್’ ಎಂದು ಅಚ್ಚಾಗಿತ್ತು. “ಥಗ್ ಎಂದರೆ ಏನಪ್ಪ?” ಎಂದು ಕೇಳಿದೆ. “ಗೂಂಡಾ ಅಂತ್ರಿ ಸರ್. ಇಂಗ್ಲಿಷ್ ಶಬ್ದ ಅದು” ಎಂದನು.

ಹುಡುಗನ ಉತ್ತರದ ಮೊದಲರ್ಧ ಸರಿ. ಉಳಿದರ್ಧವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಾರರು. ಇದೇ ಹೆಸರಿನ ತಮಿಳು ಚಲಚ್ಚಿತ್ರದ ಪ್ರಚಾರಸಭೆಯಲ್ಲಿ ಆಡಿದ ಮಾತಿನಿಂದ 2025ರಲ್ಲಿ ಕನ್ನಡ ನುಡಿಯ ಹುಟ್ಟಿನ ಬಗ್ಗೆ ದೊಡ್ಡ ವಾದವೇ ಎದ್ದಿತು. ಆದರೆ ಚಿತ್ರದ ಹೆಸರಿನ ಹುಟ್ಟು ಎಲ್ಲಿಯದೆಂದು ಕೇಳಿದವರನ್ನು ನಾನು ಕಾಣಲಿಲ್ಲ.

‘ಥಗ್’ ಎಂಬುದು ಹಿಂದಿ ಮರಾಠಿಗಳ ‘ಠಗ’. ನಮ್ಮ ‘ಠಕ್ಕ’ನ ಒಡಹುಟ್ಟು. ಇಂಗ್ಲಿಷರು ‘ಠ’ಕಾರವನ್ನು ತಮ್ಮ ಎರಡು ಅಕ್ಷರಗಳಲ್ಲಿ ಬರೆದುಕೊಂಡರು; ಮುಂದಿನವರು ಅದನ್ನು ತಮ್ಮ ರೂಢಿಯಂತೆ ಓದಿ ‘ಥ’ ಮಾಡಿದರು. ಸಂಸ್ಕೃತದ ‘ಸ್ಥಗ’ ಶಬ್ದಕ್ಕೆ ವಂಚಕನೆಂಬ ಅರ್ಥವಿದೆ. ಅದರ ಧಾತುವಿಗೆ ಮುಚ್ಚು, ಮರೆಮಾಡು ಎಂದು ಅರ್ಥ. ಕಚೇರಿಯ ಕಾಗದಗಳಲ್ಲಿ ನಾವು ದಿನವೂ ಕಾಣುವ ‘ಸ್ಥಗಿತ’ವೂ ಅದೇ ಮನೆಯದು. ಹೊದಿಸು ಎಂಬರ್ಥದ ಲ್ಯಾಟಿನ್ ಧಾತುವಿಗೂ ಇದಕ್ಕೂ ದೂರದ ನಂಟಿರಬಹುದೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ. ಆ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಶಬ್ದಗಳಲ್ಲಿ ‘ಪ್ರೊಟೆಕ್ಟ್’ ಒಂದು, ‘ಡಿಟೆಕ್ಟಿವ್’ ಇನ್ನೊಂದು. ಊಹೆ ನಿಜವಾದರೆ ಮರೆಮಾಡುವ ಠಕ್ಕನೂ, ಮರೆಯನ್ನು ಸರಿಸುವ ಪತ್ತೇದಾರನೂ ದಾಯಾದಿಗಳೇ ಸರಿ!

ಈ ಶಬ್ದವು ಇಂಗ್ಲೆಂಡಿನ ಮನೆಮಾತಾದ ಕಥೆಗೆ ನಮ್ಮ ಸುರಪುರದ ನಂಟಿದೆ. ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯನ್ನು ಪ್ರಕಟಿಸಿದನು. ದಾರಿಹೋಕರ ಸ್ನೇಹ ಬೆಳೆಸಿ, ನಂಬಿಸಿ, ಬಟ್ಟೆಯಿಂದ ಕೊರಳು ಬಿಗಿದು ಕೊಲ್ಲುವ ಗುಂಪುಗಳ ಕಥೆ ಅದು. ಇಂಗ್ಲೆಂಡಿನ ಓದುಗರು ಬೆಚ್ಚಿಬಿದ್ದು ಓದಿದರು. ಶಬ್ದವು ಅಲ್ಲಿಯೇ ನೆಲೆಸಿತು. ಎರಡು ವರ್ಷಗಳ ತರುವಾಯ, 1841ರಲ್ಲಿ, ಟೇಲರನು ಸುರಪುರಕ್ಕೆ ಅಧಿಕಾರಿಯಾಗಿ ಬಂದು 1853ರವರೆಗೂ ಇದ್ದನು. ಅವನ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಅಲ್ಲಿನ ಗುಡ್ಡದ ಮೇಲಿದೆ.

ಆದರೆ ಕಾದಂಬರಿಗಿಂತ ಮೊದಲೇ ಈ ಶಬ್ದವು ಕಾನೂನಿನ ಕೈಗೆ ಸಿಕ್ಕಿತ್ತು. 1836ರ 30ನೆಯ ಕಾಯಿದೆಯ ಪ್ರಕಾರ ಒಬ್ಬನು ಠಗ್ಗರ ಗುಂಪಿಗೆ ಎಂದಾದರೂ ಸೇರಿದ್ದನೆಂದು ರುಜುವಾತಾದರೆ ಸಾಕು, ಅವನಿಗೆ ಆಜೀವ ಕಠಿಣ ಸೆರೆವಾಸ. ಇಂಥವನನ್ನು ಇಂಥ ದಿನ ಕೊಂದನೆಂದು ತೋರಿಸಬೇಕಾದ ಅಗತ್ಯವಿರಲಿಲ್ಲ. ಅದಿರಲಿ, ಠಗ್ಗನೆಂದರೆ ಯಾರು ಎಂಬುದನ್ನೇ ಆ ಕಾಯಿದೆ ವಿವರಿಸಲಿಲ್ಲ! ಶಬ್ದಾರ್ಥದ ಸಂದೇಹವನ್ನು ನಿವಾರಿಸಲೆಂದೇ 1848ರಲ್ಲಿ ಮತ್ತೊಂದು ಕಾಯಿದೆ ಬರಬೇಕಾಯಿತು. ನಡುವಿನ 12 ವರ್ಷಗಳಲ್ಲಿ, ಕಾನೂನೇ ಅರ್ಥ ಹೇಳದ ಒಂದು ಶಬ್ದದ ಬಲದಿಂದ ಮನುಷ್ಯರು ಆಯುಷ್ಯವಿಡೀ ಸೆರೆಗೆ ಹೋಗಬಹುದಾಗಿತ್ತು. 1860ರ ದಂಡಸಂಹಿತೆಯಲ್ಲಿಯೂ ಠಗ್ಗನಿಗೆ ಎರಡು ಕಲಮುಗಳು ದೊರೆತವು. 2024ರ ಜುಲೈ 1ರಂದು ಹೊಸ ನ್ಯಾಯಸಂಹಿತೆ ಜಾರಿಗೆ ಬಂದಾಗಲೇ ಅವು ಬಿದ್ದುಹೋದದ್ದು.

ದಾರಿಹೋಕರ ಕೊಲೆಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಕೊಲೆಗಡುಕನಿಗೆ ಶಿಕ್ಷೆಯಾಗಲೇಬೇಕು. ನನ್ನ ಆಕ್ಷೇಪವಿರುವುದು ಕೃತ್ಯದ ಹೆಸರು ಮನುಷ್ಯರ ಹೆಸರಾಗಿ, ಮನುಷ್ಯರ ಹೆಸರು ಕುಲದ ಹೆಸರಾಗಿಬಿಡುವ ಬಗೆಗೆ. ಠಗ್ಗರು ಹುಟ್ಟಿನಿಂದಲೇ ಠಗ್ಗರೆಂದು ಅಂದಿನ ಅಧಿಕಾರಿಗಳು ಬರೆದದ್ದನ್ನು ಇಂದಿನ ಅನೇಕ ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ಆ ರೂಢಿ ಬೆಳೆಯಿತು. 1871ರ ಕಾಯಿದೆಯು ಇಡಿಯ ಸಮುದಾಯಗಳನ್ನೇ ‘ಅಪರಾಧಿ ಬುಡಕಟ್ಟು’ಗಳೆಂದು ಬರೆದಿಟ್ಟಿತು. ಆ ಕಳಂಕ ಕಾನೂನಿನಿಂದ ಅಳಿಸಿಹೋದದ್ದು 1952ರಲ್ಲಿ. ಜನರ ನಾಲಗೆಯಿಂದ ಇನ್ನೂ ಪೂರ್ತಿ ಅಳಿಸಿಲ್ಲ.

ನಮ್ಮ ಕನ್ನಡದ ಠಕ್ಕನನ್ನು ನೋಡಿರಿ. ಮಕ್ಕಳ ಕಥೆಯ ಠಕ್ಕ ನರಿ ಯಾರನ್ನೂ ಹೊಡೆಯುವುದಿಲ್ಲ. ಹೊಗಳಿ ಹೊಗಳಿ ಕಾಗೆಯ ಬಾಯಿಯ ತುತ್ತನ್ನು ಬೀಳಿಸುತ್ತದೆ. ಅವನ ಆಯುಧ ನಾಲಗೆ. ಇಂಗ್ಲಿಷಿನ ಥಗ್ಗನಿಗೆ ಈಗ ನಾಲಗೆಯೇ ಬೇಡ, ತೋಳು ಸಾಕು. ವಂಚನೆಯೆಂಬ ತಿರುಳು ಹೋಗಿ ಹಿಂಸೆಯೆಂಬ ಸಿಪ್ಪೆ ಉಳಿಯಿತು. ಇಂದು ಠಕ್ಕುತನ ಮಾಡಿದವನು ನಾಳೆ ತಿದ್ದಿಕೊಂಡಾನೆಂಬ ಆಸೆಗೆ ಕನ್ನಡದಲ್ಲಿ ಎಡೆಯಿದೆ. ಕಾಯಿದೆಯ ‘ಠಗ್’ ಶಬ್ದದಲ್ಲಿ ಅದಕ್ಕೆ ಎಡೆಯಿರಲಿಲ್ಲ.

ಆದುದರಿಂದ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಪರಭಾಷೆಯ ಶಬ್ದಕ್ಕೆ ಅರ್ಥ ಹೇಳುವಾಗ ಒಂದು ಸಮಾನಪದ ಬರೆಯಿಸಿ ಮುಗಿಸಬೇಡಿರಿ. ಅದು ಹುಟ್ಟಿದ ಊರು ಯಾವುದು, ಯಾರ ಕೈಗೆ ಸಿಕ್ಕು ಏನಾಯಿತು ಎಂಬುದನ್ನೂ ಹೇಳಿರಿ. ಹಾಗೆ ಕಲಿತ ಹುಡುಗನು ಇನ್ನೊಬ್ಬರಿಗೆ ಹೆಸರಿಡುವ ಮುನ್ನ ಒಂದು ಕ್ಷಣ ತಡೆದಾನು.

ಟೇಲರನ ಆತ್ಮಕಥೆ ಅವನು ತೀರಿಕೊಂಡ ಮೇಲೆ, 1877ರಲ್ಲಿ, ಹೊರಬಂದಿತು. ಸುರಪುರದ ಬಾಲರಾಜ ವೆಂಕಟಪ್ಪ ನಾಯಕನು ತನ್ನನ್ನು ‘ಅಪ್ಪ’ ಎಂದು ಕರೆಯುತ್ತಿದ್ದುದನ್ನು ಅದರಲ್ಲಿ ಅವನು ಮಮತೆಯಿಂದ ನೆನೆದಿದ್ದಾನೆ. ಆ ರಾಜನು ಇಂಗ್ಲಿಷರ ವಿರುದ್ಧ ಎದ್ದುನಿಂತು, ಸೆರೆಸಿಕ್ಕು, 1858ರಲ್ಲಿ ಗುಂಡೇಟಿನಿಂದ ಮಡಿದನು. ಟೇಲರನ ಲೇಖನಿಯಿಂದ ಹೊರಟ ಎರಡು ಶಬ್ದಗಳಲ್ಲಿ ‘ಠಗ್’ ಲೋಕವನ್ನೆಲ್ಲ ಸುತ್ತಿ, ತಿಂಥಣಿಯ ಹುಡುಗನ ಅಂಗಿಯ ಮೇಲೆ ಬಂದು ಕುಳಿತಿದೆ. ‘ಅಪ್ಪ’ ಸುರಪುರದ ಗುಡ್ಡವನ್ನು ಇಳಿಯಲೇ ಇಲ್ಲ.