ಹವ್ಯಾಸಿ ಎಂಬ ಪದದ ಬೆಲೆ

ಕನ್ನಡ ರಂಗಭೂಮಿಯಲ್ಲಿ ವೃತ್ತಿ, ಹವ್ಯಾಸಿ ಎಂಬ ಎರಡು ಮಾತು ಹಳೆಯವು. ಪರದೆ, ಪೆಟ್ಟಿಗೆ ಹೊತ್ತು ಊರೂರು ಸುತ್ತಿದ ಕಂಪನಿಯವರು ವೃತ್ತಿಯವರು. ಹಗಲು ಕಚೇರಿಯಲ್ಲಿ ದುಡಿದು ಸಂಜೆ ಬಣ್ಣ ಹಚ್ಚಿದವರು ಹವ್ಯಾಸಿಗಳು. ಅಲ್ಲಿ ಹವ್ಯಾಸಿ ಎಂದರೆ ಗೌರವದ ಮಾತೇ. ವಿಮೆಯ ಅರ್ಜಿಯಲ್ಲಿ ಮಾತ್ರ ಆ ಪದ ದುಬಾರಿಯಾಗಬಹುದು.

ಪುಣೆಯಲ್ಲಿರುವ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಊಹಿಸಿಕೊಳ್ಳಿ. ವಾರದ ಐದು ದಿನ ಕಚೇರಿ, ಶನಿವಾರ-ಭಾನುವಾರ ಮದುವೆ, ನಾಮಕರಣ, ರಂಗಪ್ರವೇಶಗಳ ಫೋಟೋಗ್ರಫಿ. ಕಂತಿನಲ್ಲಿ ಕೊಂಡ ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್ ಎಲ್ಲ ಸೇರಿ ಮೂರು ಲಕ್ಷ. ಯಾರಾದರೂ ಕೇಳಿದರೆ “ಸುಮ್ಮನೆ ಹವ್ಯಾಸ ಅಷ್ಟೇ” ಎನ್ನುತ್ತಾನೆ. ಮದುವೆ ಮನೆಯವರು ಕೊಟ್ಟ ಹಣ ಅವನ ಲೆಕ್ಕದಲ್ಲಿ ಸಂಪಾದನೆಯಲ್ಲ, ಲೆನ್ಸಿನ ಕಂತು. ಒಂದು ದಿನ ಕಲ್ಯಾಣ ಮಂಟಪದ ಕುರ್ಚಿಯ ಮೇಲಿಂದ ಬ್ಯಾಗು ಕಾಣೆಯಾಗುತ್ತದೆ.

ಮನೆಗೆ ವಿಮೆ ಇದೆಯಲ್ಲ ಎಂಬುದು ಇಂಥವರ ಮೊದಲ ಸಮಾಧಾನ. ಆದರೆ 2021ರ ಏಪ್ರಿಲ್ 1ರಿಂದ ದೇಶದಲ್ಲಿ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಪಾಲಿಸಿ ಮುಖ್ಯವಾಗಿ ಬೆಂಕಿ, ಪ್ರವಾಹ, ಭೂಕಂಪದಂಥ ಅನಾಹುತಗಳಿಗೆ ಮೀಸಲು. ಕಳ್ಳತನಕ್ಕೆ ಅದು ಪರಿಹಾರ ಕೊಡುವುದು ಅಂಥ ಅನಾಹುತದಿಂದಾಗಿ ಏಳು ದಿನಗಳೊಳಗೆ ನಡೆದಿದ್ದರೆ ಮಾತ್ರ. ಮದುವೆ ಮನೆಯ ಕುರ್ಚಿಗೆ ಅದರ ಕೈ ಚಾಚುವುದಿಲ್ಲ.

ಹೊರಗೆ ಒಯ್ಯುವ ಸಾಮಾನಿಗೆ ಆಲ್ ರಿಸ್ಕ್ ಎಂಬ ಬೇರೆ ವಿಮೆ ಉಂಟು. ಹೆಸರು ದೊಡ್ಡದು, ಷರತ್ತುಗಳೂ ಅಷ್ಟೇ. ಸವೆತ, ತಾನಾಗಿಯೇ ಕೆಟ್ಟುಹೋಗುವುದು ಸಾಮಾನ್ಯವಾಗಿ ಅದರ ಹೊರಗೆ. ಪ್ರೀಮಿಯಂ ಉಳಿಸಲು ಬೆಲೆ ಕಡಿಮೆ ತೋರಿಸಿದರೆ ಅನುಪಾತದ ಷರತ್ತು ಕಾದಿರುತ್ತದೆ: ಮೂರು ಲಕ್ಷದ ಸಾಮಾನಿಗೆ ಒಂದೂವರೆ ಲಕ್ಷದ ವಿಮೆ ಮಾಡಿಸಿದರೆ, 60,000 ರೂಪಾಯಿಯ ಲೆನ್ಸ್ ಹೋದಾಗ ಸಿಗುವುದು 30,000. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡ ಕ್ಯಾಮೆರಾ ತನ್ನದೆಂದು ಸಾಬೀತು ಮಾಡುವುದೂ ಕಷ್ಟ.

ಇವೆಲ್ಲಕ್ಕಿಂತ ದೊಡ್ಡ ಷರತ್ತು ಸತ್ಯ ಹೇಳುವುದು. ವಿಮೆ ನಿಂತಿರುವುದೇ ಪೂರ್ಣ ನಂಬಿಕೆಯ ಮೇಲೆ. ಸ್ವಂತ ಬಳಕೆ ಎಂದು ಬರೆದುಕೊಟ್ಟ ಕ್ಯಾಮೆರಾ ಹಣ ಪಡೆದ ಮದುವೆಯಲ್ಲಿ ಕಳೆದರೆ, ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಕಾರಣ ಕೈಗೇ ಸಿಕ್ಕಂತೆ.

ಕಂಪನಿಗಳ ವಾದದಲ್ಲೂ ನ್ಯಾಯವಿದೆ. ಬೀರುವಿನಲ್ಲಿರುವ ಕ್ಯಾಮೆರಾಗಿಂತ ಜನಜಂಗುಳಿಯಲ್ಲಿ ತಿರುಗುವ ಕ್ಯಾಮೆರಾಕ್ಕೆ ಅಪಾಯ ಹೆಚ್ಚು, ಪ್ರೀಮಿಯಂ ಕೂಡ ಹೆಚ್ಚಿರಲಿ. ಆದರೆ ಮನೆಬಳಕೆ ಅಥವಾ ವ್ಯಾಪಾರ ಎಂಬ ಎರಡೇ ಚೌಕ ಇಟ್ಟು ಒಂದಕ್ಕೆ ಗುರುತು ಹಾಕು ಎಂದರೆ, ಎರಡೂ ಆಗಿರುವ ಮನುಷ್ಯ ಎಲ್ಲಿ ಹಾಕಬೇಕು? ವರ್ಷಕ್ಕೆ ಎಷ್ಟು ದಿನ ಹಣ ಪಡೆದು ಕೆಲಸ ಮಾಡುತ್ತೀರಿ ಎಂದು ನೇರವಾಗಿ ಕೇಳುವ ಅರ್ಜಿ ಬೇಕು. ಆ ಲೆಕ್ಕಕ್ಕೆ ತಕ್ಕ ಪ್ರೀಮಿಯಂ ಕೊಡಲು ಪ್ರಾಮಾಣಿಕರು ಹಿಂಜರಿಯುವುದಿಲ್ಲ.

ಅಲ್ಲಿಯವರೆಗೆ ಬದಲಾಗಬೇಕಾದದ್ದು ಅರೆಕಾಲಿಕರ ಸಂಕೋಚ. ಹಣ ಪಡೆದು ಮಾಡಿದ್ದನ್ನು ಕೆಲಸ ಎಂದು ಕರೆಯುವುದರಲ್ಲಿ ದುರಾಸೆಯಿಲ್ಲ. ಅರ್ಜಿಯಲ್ಲಿ ಚೌಕವಿಲ್ಲದಿದ್ದರೆ ಕಂಪನಿಗೆ ಇಮೇಲ್ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆಯಬೇಕು. ಬಿಲ್ಲು, ಪ್ರತಿ ಸಾಮಾನಿನ ಸೀರಿಯಲ್ ನಂಬರು ಬ್ಯಾಗಿನಲ್ಲಲ್ಲ, ಬೇರೆಡೆ ಇರಬೇಕು. ಕಳುವಾದರೆ ಪೊಲೀಸ್ ದೂರು, ಕಂಪನಿಗೆ ಸುದ್ದಿ ಎರಡೂ ತಡವಾಗಬಾರದು.

ಅಷ್ಟಾಗಿಯೂ ಕ್ಲೇಮ್ ಅನ್ಯಾಯವಾಗಿ ತಿರಸ್ಕೃತವಾದರೆ, ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರು ಎಲ್ಲೆಡೆ ಅದರ ಕಚೇರಿಗಳಿವೆ.

ಒಂದು ನಷ್ಟಕ್ಕೆ ಮಾತ್ರ ಸಾಮಾನಿನ ವಿಮೆಯಲ್ಲಿ ಮದ್ದಿಲ್ಲ. ಬ್ಯಾಗಿನ ಜೊತೆ ಹೋದ ಕಾರ್ಡಿನಲ್ಲಿ ಯಾರದೋ ಧಾರೆಯ ಚಿತ್ರಗಳಿರುತ್ತವೆ. ಕ್ಯಾಮೆರಾ ಇನ್ನೊಂದು ಕೊಳ್ಳಬಹುದು, ಧಾರೆ ಇನ್ನೊಮ್ಮೆ ಎರೆಯಲಾಗದು. ಮದುವೆ ಮನೆಯವರು ಹವ್ಯಾಸಿ ಎಂದು ನಂಬಿ ಹಣ ಕೊಟ್ಟಿರುವುದಿಲ್ಲ; ಕೆಲಸಗಾರನೆಂದು ನಂಬಿ ಕೊಟ್ಟಿರುತ್ತಾರೆ. ಅವರು ಆಗಲೇ ಒಪ್ಪಿಕೊಂಡ ಹೆಸರನ್ನು ಅವನೂ ಅರ್ಜಿಯಲ್ಲಿ ಬರೆಯಲಿ.