ಮಧ್ಯಾಹ್ನದ ಅರ್ಧ ಗಂಟೆ ಗುಡ್ಡಕ್ಕೆ ಕೊಡೋಣ

ನಮ್ಮ ಪೇಟೆಗಳಲ್ಲಿ ಭಾಷಣಕ್ಕೆ ಬರವಿಲ್ಲ. ಚುನಾವಣೆಗೆ ಭಾಷಣ, ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಭಾಷಣ, ಹೊಸ ಅಂಗಡಿಯ ಉದ್ಘಾಟನೆಗೂ ಭಾಷಣ. ಆದರೆ ನಾವು ಮನೆ ಕಟ್ಟುವ, ಬಾವಿ ತೋಡುವ, ರಸ್ತೆಗಾಗಿ ಕಡಿಯುವ ಗುಡ್ಡ ಒಳಗೆ ಹೇಗಿರುತ್ತದೆ ಎಂದು ತಿಳಿದವರೊಬ್ಬರು ಬಂದು ಹೇಳಿದ ಸಭೆಗೆ ನೀವು ಎಷ್ಟು ಸಲ ಹೋಗಿದ್ದೀರಿ? ಗುಡ್ಡ ಜರಿದ ಮರುದಿನ ಎಲ್ಲರೂ ಮಾತಾಡುತ್ತಾರೆ. ವಾರ ಕಳೆದರೆ ಅದೂ ಇಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೆ. ತಿಂಗಳಿಗೊಂದು ದಿನ, ಲುಹರ್ ನಮಾಝ್ ಮುಗಿದ ಮೇಲೆ ಊಟದ ಹೊತ್ತಿಗೆ, ಪೇಟೆಯೊಳಗೇ, ಯಾರೂ ದುಡ್ಡು ಕೊಡದೆ ಕೇಳಬಹುದಾದ ಅರ್ಧ ಗಂಟೆಯ ವಿಜ್ಞಾನದ ಮಾತು ನಮ್ಮೂರುಗಳಲ್ಲಿ ನಡೆಯಬೇಕು. ವಿಷಯ ಗುಡ್ಡ, ಘಟ್ಟ, ಮಳೆ, ಮಣ್ಣು, ನೀರು. ಕೇಳಬೇಕಾದವರು ಅಂಗಡಿಯವರು, ಡ್ರೈವರುಗಳು, ಮೇಸ್ತ್ರಿಗಳು, ಜೆಸಿಬಿ ಓಡಿಸುವವರು, ಮನೆ ಕಟ್ಟಲು ಹೊರಟವರು, ಮನೆ ನಡೆಸುವ ಹೆಂಗಸರು.

ಇದನ್ನು ಹೇಳಲು ನನಗೇನು ಅರ್ಹತೆ ಎಂದು ಕೇಳಬಹುದು. ನಾನು ವಿಜ್ಞಾನಿಯಲ್ಲ. ಉಪ್ಪನದು ದಿನಸಿ ಅಂಗಡಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಜೆಸಿಬಿ, ಹಿಟಾಚಿಗಳ ಹೈಡ್ರಾಲಿಕ್ ಕೆಲಸ ಮಾಡುತ್ತಿದ್ದೇನೆ. ಗುಡ್ಡ ಕಡಿಯುವ ಯಂತ್ರ ನಿಂತರೆ ನನ್ನ ಮನೆಯ ಒಲೆಯೂ ನಿಲ್ಲುತ್ತದೆ. ಹಾಗಾಗಿ ಗುಡ್ಡ ಮುಟ್ಟಲೇಬಾರದು ಎಂದು ಹೇಳುವವನು ನಾನಲ್ಲ. ಆದರೆ ಒಂದು ಪಂಪು ಎಷ್ಟು ಒತ್ತಡ ತಾಳುತ್ತದೆ ಎಂದು ನೋಡದೆ ನಾವು ಅದನ್ನು ಚಾಲೂ ಮಾಡುವುದಿಲ್ಲ. ಸಾವಿರ ಲೋಡ್ ಮಣ್ಣನ್ನು ಬುಡದಿಂದ ತೆಗೆಯುವಾಗ ಮಾತ್ರ ಯಾರೂ ಏನನ್ನೂ ನೋಡುವುದಿಲ್ಲ. ಸೈಟಿನಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: "ಏನೂ ಆಗ್ಲಿಕ್ಕಿಲ್ಲ ಮಾರಾಯಾ, ಗಟ್ಟಿ ಕಲ್ಲುಂಟು."

ಮಧ್ಯಾಹ್ನದ ಹೊತ್ತಿನ ಉಪನ್ಯಾಸ ನನ್ನ ತಲೆಯಲ್ಲಿ ಹುಟ್ಟಿದ ಹೊಸ ಸಂಗತಿಯೇನಲ್ಲ. ಯೂನಿವರ್ಸಿಟಿ ಕಾಲೇಜ್ ಲಂಡನ್ 1942ರಲ್ಲಿ, ಮಹಾಯುದ್ಧ ನಡೆಯುತ್ತಿದ್ದಾಗಲೇ, ಊಟದ ಹೊತ್ತಿನ ಉಪನ್ಯಾಸಗಳನ್ನು ಶುರು ಮಾಡಿತು. ಯಾರು ಬೇಕಾದರೂ ಬಂದು ಕೂತು ಕೇಳಬಹುದು, ಹಣ ಕೊಡಬೇಕಿಲ್ಲ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ರಾಕಿ ಪರ್ವತಗಳ ಬುಡದಲ್ಲಿ ಬೌಲ್ಡರ್ ಎಂಬ ಊರಿದೆ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಇನ್‌ಸ್ಟಾರ್ ಎಂಬ ಸಂಸ್ಥೆ 1951ರಿಂದ ಹಿಮಪ್ರದೇಶ ಮತ್ತು ಎತ್ತರದ ಪರ್ವತಗಳ ಅಧ್ಯಯನ ಮಾಡುತ್ತಿದೆ. ಅದರ ಸೋಮವಾರ ಮಧ್ಯಾಹ್ನದ ಉಪನ್ಯಾಸಗಳಿಗೆ ಊರವರೂ ಹೋಗಬಹುದು. ಬೆಟ್ಟದ ಮೇಲೆ ಹಿಮ ಎಷ್ಟು ಕರಗಿತು, ಕಾಡುಬೆಂಕಿಯ ನಂತರ ಹೊಳೆಯ ನೀರು ಏನಾಯಿತು ಎಂಬಂಥ ಸಂಗತಿಗಳನ್ನು ಅಳೆದವರ ಬಾಯಿಂದಲೇ ಕೇಳಬಹುದು.

ಆ ಊರಿಗೆ ಅದು ಬರೀ ಕುತೂಹಲದ ವಿಷಯವಲ್ಲ. ವರ್ಷವಿಡೀ ಸುಮಾರು 500 ಮಿಲಿಮೀಟರ್ ಮಳೆ-ಹಿಮ ಬೀಳುವ ಬೌಲ್ಡರ್‌ನಲ್ಲಿ 2013ರ ಸೆಪ್ಟೆಂಬರ್ 12ರಂದು ಒಂದೇ ದಿನ ಸುಮಾರು 230 ಮಿಲಿಮೀಟರ್ ಸುರಿಯಿತು. ಆ ವಾರದ ಮಳೆಗೆ ಸುತ್ತಲಿನ ಬೆಟ್ಟಸಾಲಿನಲ್ಲಿ ಸಾವಿರಕ್ಕೂ ಹೆಚ್ಚು ಕಡೆ ಮಣ್ಣು-ಕಲ್ಲು ಜಾರಿ ಹರಿಯಿತು. ಬೆಟ್ಟದ ಬುಡದಲ್ಲಿ ಬದುಕುವವರಿಗೆ ಬೆಟ್ಟದ ಸುದ್ದಿ ತಿಳಿದಿರಬೇಕು ಎಂಬುದು ಅಲ್ಲಿ ಎಷ್ಟು ನಿಜವೋ ಇಲ್ಲಿಯೂ ಅಷ್ಟೇ ನಿಜ.

ನಾವು ಕಡಲ ಬದಿಯವರು, ಘಟ್ಟಕ್ಕೂ ನಮಗೂ ಏನು ಎನ್ನುವವರಿದ್ದಾರೆ. ಚಂದ್ರಗಿರಿ ಹೊಳೆ ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ. ಸುಳ್ಯದಲ್ಲಿ ಅದನ್ನೇ ಪಯಸ್ವಿನಿ ಎನ್ನುತ್ತೇವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿಯಲ್ಲಿ ಬೆಟ್ಟ ಜರಿದಾಗ ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿತು. ಆ ದಾರಿಯಲ್ಲಿ ಸರಕು ಸಾಗಿಸುವ ನಮ್ಮವರು ಎಷ್ಟು ಮಂದಿ! ಮಡಿಕೇರಿಯಲ್ಲಿ, ಚಿಕ್ಕಮಗಳೂರಿನಲ್ಲಿ ಅಂಗಡಿ ಇಟ್ಟವರು, ಕಾಫಿ-ಮೆಣಸು ವ್ಯಾಪಾರ ಮಾಡುವವರು ನಮ್ಮ ಮನೆಗಳಲ್ಲೇ ಇದ್ದಾರೆ. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಾಗ ಹೋದದ್ದು ರಸ್ತೆ ಬದಿಯ ಚಾಯದಂಗಡಿ ಮತ್ತು ದಾರಿಯಲ್ಲಿ ನಿಂತಿದ್ದ ಡ್ರೈವರುಗಳು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಮನೆಯ ಮೇಲೆ ಗುಡ್ಡ ಬಿದ್ದಾಗ ಮಕ್ಕಳೂ ಉಳಿಯಲಿಲ್ಲ. ಅದೇ ಜುಲೈಯಲ್ಲಿ ಚೆರ್ವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಜರಿಯಿತು. ಇವು ಯಾವುವೂ ದೂರದ ಹಿಮಾಲಯದ ಸುದ್ದಿಯಲ್ಲ.

ಹಾಗಾದರೆ ಆ ಅರ್ಧ ಗಂಟೆಯಲ್ಲಿ ಏನು ಹೇಳಬೇಕು? ನನಗೆ ತಕ್ಷಣ ನಾಲ್ಕು ವಿಷಯ ಹೊಳೆಯುತ್ತವೆ.

ಮೊದಲನೆಯದು ಮಳೆಯ ಲೆಕ್ಕ. ಟಿವಿಯಲ್ಲಿ 100 ಮಿಲಿಮೀಟರ್ ಮಳೆ ಎನ್ನುತ್ತಾರೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಹತ್ತು ಸೆಂಟ್ಸ್ ಜಾಗ ಸುಮಾರು 400 ಚದರ ಮೀಟರ್. ಅಲ್ಲಿಗೆ 100 ಮಿಲಿಮೀಟರ್ ಮಳೆ ಬಿದ್ದರೆ 40,000 ಲೀಟರ್, ಅಂದರೆ 40 ಟನ್ ಭಾರ. ಹತ್ತು ಸೆಂಟ್ಸ್‌ನ ಲೆಕ್ಕ ಇದು. ಮನೆಯ ಹಿಂದಿನ ಇಡೀ ಗುಡ್ಡದ ಲೆಕ್ಕ ನೀವೇ ಹಾಕಿ. ಇನ್ನು ಅಲರ್ಟಿನ ಬಣ್ಣಗಳು. ದಿನಕ್ಕೆ 64.5 ಮಿಲಿಮೀಟರ್ ದಾಟುವ ನಿರೀಕ್ಷೆ ಇದ್ದರೆ ಹಳದಿ, 115.6ರಿಂದ ಕಿತ್ತಳೆ, 204.4 ದಾಟಿದರೆ ಕೆಂಪು. ನಮ್ಮಲ್ಲಿ ಹೆಚ್ಚಿನವರಿಗೆ ರೆಡ್ ಅಲರ್ಟ್ ಎಂದರೆ ಮಕ್ಕಳಿಗೆ ಶಾಲೆ ಇಲ್ಲ ಎಂದಷ್ಟೇ ಗೊತ್ತು.

ಎರಡನೆಯದು ನಮ್ಮ ಕೆಂಪುಕಲ್ಲು. ಲ್ಯಾಟರೈಟ್ ಎಂಬ ಹೆಸರನ್ನು ಬುಕನನ್ ಎಂಬಾತ ಜಗತ್ತಿಗೆ ಕೊಟ್ಟದ್ದು ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಇದೇ ಕಲ್ಲನ್ನು ನೋಡಿ. 1807ರಲ್ಲಿ ಅವನ ಪುಸ್ತಕ ಬಂತು. ಮೇಲಿನ ಪದರ ಗಟ್ಟಿ, ಕಡಿದು ಇಟ್ಟರೆ ಇನ್ನೂ ಗಟ್ಟಿಯಾಗುತ್ತದೆ. ಆದರೆ ಅದರ ಕೆಳಗೆ ಇರುವುದು ಶೇಡಿ ಮಣ್ಣು. ಬೇಸಗೆಯಲ್ಲಿ ಅದು ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಮಾರ್ಚ್‌ನಲ್ಲಿ ನೆಟ್ಟಗೆ ಕಡಿದ ಗುಡ್ಡ ಜುಲೈಯಲ್ಲಿ ಯಾಕೆ ಬೀಳುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಬಾವಿ ತೋಡುವವರಿಗೆ, ಸುರಂಗ ಕೊರೆಯುವವರಿಗೆ ಇದು ಮೊದಲಿನಿಂದಲೂ ಗೊತ್ತು. ಆ ಹಿರಿಯರನ್ನೂ ಒಂದು ದಿನ ಕುರ್ಚಿಯಲ್ಲಿ ಕೂರಿಸಿ ಕೇಳಬೇಕು.

ಮೂರನೆಯದು ಕಡಿಯುವ ಕ್ರಮ. ಒಂದೇ ಸಲ ನೆಟ್ಟಗೆ ಕಡಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಗುಡ್ಡದ ತಲೆಯ ಮೇಲೆ ಬಿದ್ದ ನೀರು ಒಳಗಿಳಿಯದಂತೆ ಚರಂಡಿ ಮಾಡಿ ಬದಿಗೆ ಬಿಡುವುದು, ತಡೆಗೋಡೆಯಲ್ಲಿ ನೀರು ಹೊರಬರಲು ಪೈಪ್ ಇಡುವುದು. ತಡೆಗೋಡೆಯನ್ನು ಹೆಚ್ಚಾಗಿ ಬೀಳಿಸುವುದು ಮಣ್ಣಿನ ಜೊತೆ ಹಿಂದೆ ಕಟ್ಟಿಕೊಂಡ ನೀರಿನ ಒತ್ತಡ. ಹೈಡ್ರಾಲಿಕ್ ಕೆಲಸ ಮಾಡುವ ನನಗೆ ಇದು ಬೇಗ ಅರ್ಥವಾಗುತ್ತದೆ. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದ ಹಣದಲ್ಲಿ ಗುಡ್ಡದ ಬದಿ ಕಡಿಮೆ ಬೆಲೆಯ ಜಾಗ ತೆಗೆದುಕೊಂಡು ಮನೆ ಕಟ್ಟುವ ಕಾಕನಿಗೂ ಇದು ಅಡಿಪಾಯ ಹಾಕುವ ಮೊದಲು ಅರ್ಥವಾಗಬೇಕು.

ನಾಲ್ಕನೆಯದು ಮುನ್ಸೂಚನೆ. ಗುಡ್ಡದ ಮೇಲೆ ಹೊಸ ಬಿರುಕು, ವಾಲಿದ ಮರ, ವಾಲಿದ ಕರೆಂಟ್ ಕಂಬ, ಇದ್ದಕ್ಕಿದ್ದಂತೆ ಸಿಕ್ಕಿಕೊಳ್ಳುವ ಬಾಗಿಲು, ತಿಳಿಯಾಗಿದ್ದ ಒರತೆ ಕೆಂಪಾಗುವುದು, ಮಳೆ ಜೋರಾಗಿದ್ದರೂ ತೋಡಿನ ನೀರು ತಟ್ಟನೆ ಕಡಿಮೆಯಾಗುವುದು. ಇವನ್ನು ಮೊದಲು ಕಾಣುವುದು ಮನೆಯಲ್ಲಿರುವ ಉಮ್ಮ, ಪತ್ನಿ, ಮಕ್ಕಳು. ಅವರು ಕೇಳದ ಉಪನ್ಯಾಸದಿಂದ ಅರ್ಧ ಪ್ರಯೋಜನವೂ ಇಲ್ಲ. ಆದ್ದರಿಂದ ಪೇಟೆಯಲ್ಲಿ ಒಂದು ತಿಂಗಳು ನಡೆದರೆ ಮುಂದಿನ ತಿಂಗಳು ಮದ್ರಸದ ಹಾಲ್‌ನಲ್ಲೋ ಕುಟುಂಬಶ್ರೀ ಸಭೆಯಲ್ಲೋ ನಡೆಯಲಿ.

ತಿಳಿವಳಿಕೆ ಜನರ ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ವಯನಾಡನ್ನು ನೋಡಿ. ಅಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯ ತುಂಬಾ ಮಳೆಮಾಪಕಗಳ ಜಾಲವನ್ನೇ ಕಟ್ಟಿದೆ. ದಿನಾ ಮಳೆ ಅಳೆದು ಕಳಿಸುವವರಲ್ಲಿ ರೈತರಿದ್ದಾರೆ. 2024ರ ಜುಲೈ 29ರಂದು, ಮುಂಡಕ್ಕೈ-ಚೂರಲ್‌ಮಲೆ ದುರಂತದ ಹಿಂದಿನ ದಿನ, ಆ ಅಳತೆಗಳನ್ನು ನೋಡಿ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು. ಆದರೂ ಆ ರಾತ್ರಿ 250ಕ್ಕೂ ಹೆಚ್ಚು ಜೀವಗಳು ಹೋದವು. ಸುಮಾರು 1,550 ಮೀಟರ್ ಎತ್ತರದಲ್ಲಿ ಕಿತ್ತುಬಂದ ಮಣ್ಣು-ಬಂಡೆ ಹೊಳೆಯ ದಾರಿಯಲ್ಲಿ ಸುಮಾರು 8 ಕಿಲೋಮೀಟರ್ ಹರಿಯಿತು. ಅಂದರೆ ಗುಡ್ಡ ಕಣ್ಣಿಗೆ ಕಾಣದಷ್ಟು ದೂರವಿದ್ದರೂ ಹೊಳೆಬದಿಯ ಮನೆಗೆ ಅದು ತಲುಪಬಲ್ಲದು. ಅಳತೆ ಸರಿಯಿದ್ದರೆ ಸಾಲದು. ಅದು ಹೇಳುವುದೇನೆಂದು ಕಚೇರಿಯಿಂದ ಹಿಡಿದು ಕಡೆಯ ಮನೆಯವರೆಗೆ ಎಲ್ಲರಿಗೂ ಮೊದಲೇ ತಿಳಿದಿರಬೇಕು. ಆ ತಿಳಿವಳಿಕೆ ಮಳೆಗಾಲದ ಮಧ್ಯರಾತ್ರಿ ಬರುವುದಿಲ್ಲ, ಬೇಸಗೆಯ ಮಧ್ಯಾಹ್ನಗಳಲ್ಲಿ ಬರಬೇಕು.

ಇನ್ನು ಭಾಷೆ. ಮಲಯಾಳದಲ್ಲಿ ಉರುಳ್‌ಪೊಟ್ಟಲ್ ಬೇರೆ, ಮಣ್ಣಿಡಿಚ್ಚಿಲ್ ಬೇರೆ. ಮೊದಲನೆಯದು ನೀರಿನೊಂದಿಗೆ ಬಂಡೆ, ಮರ, ಮಣ್ಣು ಎಲ್ಲ ಸೇರಿ ಹೊಳೆಯಂತೆ ನುಗ್ಗುವುದು. ಎರಡನೆಯದು ಕಡಿದ ಬದಿ ಕುಸಿಯುವುದು. ಮೊದಲನೆಯದರಲ್ಲಿ ತೋಡಿನ ದಾರಿಯಿಂದಲೇ ದೂರ ಹೋಗಬೇಕು, ಎರಡನೆಯದರಲ್ಲಿ ಕಡಿದ ಬದಿಯಿಂದ ಸರಿಯಬೇಕು. ಕನ್ನಡ ಪತ್ರಿಕೆಯಲ್ಲಿ ಎರಡಕ್ಕೂ ಭೂಕುಸಿತ ಎಂದೇ ಬರುತ್ತದೆ. ಮಂಜೇಶ್ವರದ ಕಡೆ ನಾವು ಕಲಿತದ್ದು ಕನ್ನಡ, ಮನೆಯಲ್ಲಿ ಆಡುವುದು ಬ್ಯಾರಿ, ಕಚೇರಿಯಿಂದ ಬರುವ ಎಚ್ಚರಿಕೆ ಮಲಯಾಳ. ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಿಂದ ವಿಜ್ಞಾನವನ್ನು ಮಲಯಾಳದಲ್ಲಿ ಊರೂರಿಗೆ ಕೊಂಡೊಯ್ದಿತು. ಅತ್ತ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಿಂದ ಕನ್ನಡದಲ್ಲಿ ಕೆಲಸ ಮಾಡುತ್ತಿದೆ. ಗಡಿಯಲ್ಲಿರುವ ನಾವು ಎರಡಕ್ಕೂ ಅಂಚಿನವರು. ಆದ್ದರಿಂದ ನಮ್ಮ ಮಾತಿನಲ್ಲಿ ಹೇಳಿಸಿಕೊಳ್ಳುವ ಏರ್ಪಾಡನ್ನು ನಾವೇ ಮಾಡಬೇಕು. ಪ್ರೊಫೆಸರರು ಮಲಯಾಳದಲ್ಲಿ ಹೇಳಲಿ, ಪಕ್ಕದಲ್ಲಿ ನಿಂತು ಬ್ಯಾರಿಯಲ್ಲೋ ಕನ್ನಡದಲ್ಲೋ ಹೇಳಲು ನಮ್ಮ ಕಾಲೇಜು ಮಕ್ಕಳಿಲ್ಲವೆ?

ಕೇಳಿ ತಿಳಿಯುವ ಅಭ್ಯಾಸ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಪಶ್ಚಿಮ ಘಟ್ಟದ ವರದಿ ಕೊಟ್ಟಿತು. ಅದು ಸ್ಥಳೀಯ ಭಾಷೆಗಳಲ್ಲಿ ಬಂದು ಗ್ರಾಮಸಭೆಗಳಲ್ಲಿ ಚರ್ಚೆಯಾಗಬೇಕು ಎಂಬುದು ಗಾಡ್ಗೀಳರ ಒತ್ತಾಯವಾಗಿತ್ತು. ವರದಿಯ ಒಂದು ಪುಟ ಓದದವರೂ ಪರ-ವಿರೋಧವಾಗಿ ಬೀದಿಗಿಳಿದರು. ವರದಿ ಒಪ್ಪುವುದು ಬಿಡುವುದು ಆಮೇಲಿನ ಮಾತು. ಅದರಲ್ಲಿ ಏನಿದೆ ಎಂದು ಶಾಂತವಾಗಿ ಕೂತು ಕೇಳಲು ಒಂದು ಜಾಗ ಊರಲ್ಲಿ ಇರಲಿಲ್ಲ.

ಇದು ಸರಕಾರದ ಕೆಲಸವಲ್ಲವೆ ಎನ್ನುವವರಿದ್ದಾರೆ. ಎಚ್ಚರಿಕೆ ಕೊಡುವುದು, ಅಕ್ರಮವಾಗಿ ಗುಡ್ಡ ಕಡಿಯುವುದನ್ನು ತಡೆಯುವುದು ಖಂಡಿತ ಸರಕಾರದ ಕೆಲಸ. ಉಪನ್ಯಾಸ ಕೇಳಿದ ಮಾತ್ರಕ್ಕೆ ಅದರ ಜವಾಬ್ದಾರಿ ಕಡಿಮೆಯಾಗುವುದಿಲ್ಲ. ಪ್ರಶ್ನೆ ಕೇಳಲು ನಮಗೆ ಬಾಯಿ ಬರುತ್ತದೆ. ಇನ್ನು ಕೆಲವರಿಗೆ ಕೆಲಸ ನಿಂತೀತು ಎಂಬ ಹೆದರಿಕೆ. ನನ್ನದೂ ಅದೇ ಅನ್ನ. ಸರಿಯಾಗಿ ಕಡಿದರೆ ಯಂತ್ರಕ್ಕೆ ಕೆಲಸ ಹೆಚ್ಚೇ ಹೊರತು ಕಡಿಮೆಯಲ್ಲ. ಮಣ್ಣಿನಡಿ ಸಿಕ್ಕಿದ ಯಂತ್ರವನ್ನು, ಅದರ ಆಪರೇಟರನ್ನು ಹೊರತೆಗೆಯುವ ಕೆಲಸ ಮಾತ್ರ ಯಾರಿಗೂ ಬೇಡ.

ಖರ್ಚು ಎಷ್ಟು? ಒಂದು ಹಾಲ್, ಒಂದು ಮೈಕ್, ಮೂವತ್ತು ಕುರ್ಚಿ, ಬಂದವರಿಗೆ ಒಂದು ಲೋಟ ಶರಬತ್ತು. ವೇದಿಕೆ ಬೇಡ, ಹಾರ-ಶಾಲು ಬೇಡ, ಸ್ವಾಗತ-ಧನ್ಯವಾದಕ್ಕೆ ಅರ್ಧ ಗಂಟೆ ತಿನ್ನುವ ಗಣ್ಯರೂ ಬೇಡ. ಇಪ್ಪತ್ತು ನಿಮಿಷ ಮಾತು, ಹತ್ತು ನಿಮಿಷ ಪ್ರಶ್ನೆ. ಮಾತಾಡುವವರಿಗಾಗಿ ದೂರ ಹುಡುಕಬೇಕಿಲ್ಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗವಿದೆ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ. ಹೋಗಿ ಕರೆಯುವವರು ಬೇಕು, ಅಷ್ಟೆ. ಜಮಾಅತ್ ಕಮಿಟಿಯ, ವ್ಯಾಪಾರಿ ಸಂಘದ, ಯುವಕರ ಕ್ಲಬ್ಬಿನ ಜವಾಬ್ದಾರಿ ಹೊತ್ತವರು ಇದನ್ನು ಓದುತ್ತಿದ್ದರೆ, ಮುಂದಿನ ಸಭೆಯ ಅಜೆಂಡಾದಲ್ಲಿ ಒಂದು ಸಾಲು ಸೇರಿಸಿ. ಮಳೆಗಾಲಕ್ಕೆ ಮೊದಲು ಎರಡು ಮಧ್ಯಾಹ್ನಗಳಾದರೂ ಸಿಗಲಿ. ಕುರ್ಚಿ ಹಾಕಲು, ಮೈಕ್ ಜೋಡಿಸಲು ನಾನು ಬರುತ್ತೇನೆ.