ತಲೆಶೂಲೆಗೆ ಜ್ವರದ ಹೆಸರು ಯಾಕೆ?

ಹೋದ ತಿಂಗಳು ಕುಂದಗೋಳದಲ್ಲಿ ಕೂಲಿಕಾರರ ಸಭೆ ಗೊತ್ತಾಗಿತ್ತು. ನಾವು ಅಲ್ಲಿ ಮಾತಾಡಬೇಕಾಗಿತ್ತು. ಹೋಗಲಿಲ್ಲ. ಜ್ವರ ಬಂದಿದೆಯೆಂದು ಸಂಗಾತಿಗಳಿಗೆ ಫೋನು ಮಾಡಿಸಿದೆವು. ಅದು ಸುಳ್ಳು. ನಮಗೆ ಜ್ವರ ಬಂದಿರಲಿಲ್ಲ. ಅರೆತಲೆಶೂಲೆ ಎದ್ದು, ಕಿಟಕಿಗೆ ಕೌದಿ ಇಳಿಬಿಟ್ಟು, ಕತ್ತಲೆಯ ಕೋಣೆಯಲ್ಲಿ ಬಿದ್ದುಕೊಂಡಿದ್ದೆವು. ಎಡಗಣ್ಣಿನ ಹಿಂದೆ ಯಾರೋ ಒಳಗಿನಿಂದ ಗುದ್ದಿದಂತೆ ನೋವು. ಗುಟುಕು ನೀರು ಕುಡಿದರೂ ವಾಂತಿ. ಅಂಗಳದಲ್ಲಿ ಕೊಡ ಇಟ್ಟ ಸಪ್ಪಳವನ್ನೂ ತಾಳಲಾಗಲಿಲ್ಲ.

ಮುಂದಿನ ವಾರ ಕುಂದಗೋಳಕ್ಕೆ ಹೋದಾಗ ಸುಳ್ಳು ಹೇಳಿದ್ದು ಮನಸ್ಸಿಗೆ ಚುಚ್ಚುತ್ತಿತ್ತು. ಕೂಡಿದ ಹತ್ತಿಪ್ಪತ್ತು ಜನರ ಮುಂದೆ ನಿಜ ಸಂಗತಿಯನ್ನೇ ಹೇಳಿದೆವು. ಹೊಲದಲ್ಲಿ ಕಸ ತೆಗೆಯಲು ಹೋಗುವ ಒಬ್ಬ ತಾಯಿ ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಿಮಗೂ ಅದನ ಐತೇನ್ರಿ ಮಾಸ್ತರ್ರ? ನಾನೂ ಜ್ವರಾ ಅಂತನ ಹೇಳತೇನ್ರಿ. ತಲಿ ನೋಯಾಕತ್ತೇತಿ ಅಂದ್ರ ನಗತಾರ. ಜ್ವರಾ ಅಂದ್ರ ಒಂದ್ ದಿನಾ ಬಿಡತಾರ."

ಈ ವಾರ ನಾವು ಬರೆಯಬೇಕಾಗಿದ್ದ ವಿಷಯವನ್ನು ಬದಿಗಿಟ್ಟು ಇದನ್ನು ಬರೆಯುತ್ತಿರುವುದು ಆ ತಾಯಿಯ ಮಾತಿನಿಂದ. ದುಡಿಯುವ ಮನುಷ್ಯ ತನಗೆ ಬಂದ ಬೇನೆಯ ಹೆಸರನ್ನು ಹೇಳಲು ಅಂಜಿ ಇನ್ನೊಂದು ಬೇನೆಯ ಹೆಸರು ಹೇಳಬೇಕಾಗಿದೆಯೆಂದರೆ, ತಪ್ಪು ಆ ಮನುಷ್ಯನದೋ, ಕೇಳುವವರದೋ?

ಜ್ವರಕ್ಕೆ ಸಾಕ್ಷಿಯಿದೆ. ಹಣೆ ಮುಟ್ಟಿದರೆ ಬಿಸಿ. ಕಾಲು ಮುರಿದರೆ ಪಟ್ಟಿ ಕಟ್ಟಿದ್ದು ಕಾಣುತ್ತದೆ. ಅರೆತಲೆಶೂಲೆಗೆ ಸಾಕ್ಷಿ ಅದನ್ನು ಉಣ್ಣುವವನ ಬಾಯಿ ಮಾತ್ರ. ಬಡವನ ಬಾಯಿಮಾತನ್ನು ನಂಬುವ ರೂಢಿ ನಮ್ಮ ಆಡಳಿತಗಾರರಲ್ಲಿಯೂ ಇಲ್ಲ, ಹೊಲದ ಮಾಲಕರಲ್ಲಿಯೂ ಇಲ್ಲ. ನಾವು ಖಾಸಗಿ ಶಾಲೆಯೊಂದರಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ತಿಂಗಳಿಗೆ ನಾಲ್ಕೈದು ಸಲ ಈ ಶೂಲೆ ಬರುತ್ತಿತ್ತು. ಹುಡುಗರಿಗೆ ಶುದ್ಧ ಬರಹ ಬರೆಯಲು ಹೇಳಿ, ಹಣೆಯನ್ನು ತಣ್ಣನೆಯ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆವು. ಒಂದು ದಿನ ಅರ್ಧ ದಿನದ ರಜೆ ಕೇಳಿದ್ದಕ್ಕೆ ಮುಖ್ಯಾಧ್ಯಾಪಕರು, "ತಲಿ ಇದ್ದಮ್ಯಾಲ ನೋಯೂದನರಿ ಮಾಸ್ತರ. ಅದಕ್ಕೂ ರಜಾ ಬೇಕೇನು?" ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಅಂದಿನಿಂದ ಜ್ವರದ ಸುಳ್ಳು ಸುರುವಾಯಿತು. ಚಳವಳಿಗೆ ಬಂದ ಮೇಲೂ ಅದು ಬಿಡಲಿಲ್ಲ.

ನಾವು ವೈದ್ಯರಲ್ಲ. ಆದರೆ ವೈದ್ಯರನ್ನು ಕೇಳಿ, ಓದಿ ತಿಳಿದದ್ದನ್ನು ನಾಲ್ಕು ಜನರಿಗೆ ಹೇಳುವುದು ಮಾಸ್ತರನ ಕೆಲಸವೇ ಆಗಿದೆ. ಅರೆತಲೆಶೂಲೆ, ಇಂಗ್ಲಿಷರ ಮೈಗ್ರೇನು, ಬರಿಯ ತಲೆನೋವಲ್ಲ. ಅದು ಮೆದುಳು ಮತ್ತು ನರಗಳ ಬೇನೆ. ಮನೆತನದಲ್ಲಿ ಇಳಿದು ಬರುವುದುಂಟು. ಮದ್ದು ಮಾಡದಿದ್ದರೆ ಒಂದು ಸಲ ಎದ್ದ ಶೂಲೆ 4 ತಾಸಿನಿಂದ 72 ತಾಸಿನವರೆಗೆ ಇರಬಲ್ಲದು. ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆ ನೋಯುತ್ತ, ಅದರಲ್ಲಿ ಕನಿಷ್ಠ 8 ದಿನ ಈ ಬಗೆಯ ಶೂಲೆಯಿದ್ದು, ಹೀಗೆ ಮೂರು ತಿಂಗಳು ಮೀರಿದರೆ ಅದನ್ನು ಹಳೆಬಿದ್ದ ಮೈಗ್ರೇನು ಎಂದು ವೈದ್ಯರು ಎಣಿಸುತ್ತಾರೆ. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ಮೈಗ್ರೇನು ಇದೆ. ನಮ್ಮ ಕರ್ನಾಟಕದಲ್ಲಿಯೇ, ಬೆಂಗಳೂರು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ 2,329 ಜನರನ್ನು ಕೇಳಿ ನಿಮ್ಹಾನ್ಸ್ ಸಂಸ್ಥೆಯವರು ಮತ್ತು ಹೊರದೇಶದ ಸಂಶೋಧಕರು ಕೂಡಿ 2015ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಅದರ ಪ್ರಕಾರ ವರ್ಷದಲ್ಲಿ ನಾಲ್ಕು ಜನರಲ್ಲಿ ಒಬ್ಬರಿಗೆ ಈ ಬೇನೆ. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಹೆಚ್ಚು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು.

ಕುರ್ಚಿಯಲ್ಲಿ ಕೂತು ತಲೆ ಓಡಿಸುವವರ ಬೇನೆಯಿದು ಎಂದು ನಂಬಿದವರು ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕು. ಶೂಲೆಯನ್ನು ಎಬ್ಬಿಸುವ ಸಂಗತಿಗಳು ಯಾವುವು? ಕಣ್ಣಿಗೆ ಹೊಡೆಯುವ ಬಿಸಿಲು, ಹೊತ್ತಿಗೆ ಊಟವಿಲ್ಲದಿರುವುದು, ನೀರು ಸಾಲದಿರುವುದು, ನಿದ್ದೆಗೆಡುವುದು, ಖಾರವಾದ ವಾಸನೆ, ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳು. ಈಗ ನವಲಗುಂದದ ಎರೆಹೊಲದಲ್ಲಿ ಹೆಸರು ಬಿಡಿಸುವ ಹೆಣ್ಣಾಳನ್ನು ನೆನೆಯಿರಿ. ಕಣ್ಣು ಹಾಯುವವರೆಗೆ ಒಂದು ಗಿಡದ ನೆರಳಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ತಾನು ಅರ್ಧ ರೊಟ್ಟಿ ತಿಂದು ಬಂದಿರುತ್ತಾಳೆ. ನೀರಡಿಸಿದರೂ ಕುಡಿಯುವುದಿಲ್ಲ, ಕುಡಿದರೆ ಬಯಲಲ್ಲಿ ಎಲ್ಲಿಗೆ ಹೋಗಬೇಕು? ಕುಂದಗೋಳದ ಕಡೆ ಮೆಣಸಿನಕಾಯಿಯ ತೊಟ್ಟು ಮುರಿಯುವವರಿಗೆ ದಿನವಿಡೀ ಘಾಟು. ಅಣ್ಣಿಗೇರಿಯಲ್ಲಿ ಕಡಲೆ ಕೀಳುವವರು, ಕಲಘಟಗಿಯ ಗದ್ದೆಯಲ್ಲಿ ನಾಟಿಗೆ ಬಾಗಿದವರು, ನವಲಗುಂದದ ಜಮಖಾನೆಯ ಮಗ್ಗದ ಮುಂದೆ ಎಳೆಯ ಮೇಲೆ ಕಣ್ಣಿಟ್ಟು ಕೂತ ಅಕ್ಕಂದಿರು, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರು, ಇವರೆಲ್ಲರ ದುಡಿಮೆಯಲ್ಲಿ ಶೂಲೆಗೆ ಬೇಕಾದ ಸಾಮಗ್ರಿ ತಾನಾಗಿ ಕೂಡಿಕೊಂಡಿದೆ. ಬೇನೆ ಮೈಯಲ್ಲಿ ಹುಟ್ಟಬಹುದು. ಅದನ್ನು ಎಬ್ಬಿಸಿ ಕೂಡ್ರಿಸುವುದು ದುಡಿಮೆಯ ರೀತಿ.

ಹಾಗಾದರೆ ಇವರು ಏನು ಮಾಡುತ್ತಾರೆ? ಹಣೆಗೆ ಬಿಗಿಯಾಗಿ ಅರಿವೆ ಸುತ್ತುತ್ತಾರೆ. ಕಿರಾಣಿ ಅಂಗಡಿಯಿಂದ ಗುಳಿಗೆ ತರಿಸಿ ಚಹದ ಸಂಗಡ ನುಂಗಿ ಕೆಲಸಕ್ಕೆ ಹೋಗುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಮೊದಲು ವಾರಕ್ಕೊಂದು ಗುಳಿಗೆ, ಆಮೇಲೆ ದಿನಕ್ಕೊಂದು. ಚುನಾವಣೆಯ ತಿರುಗಾಟದಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು. ಕೊನೆಗೆ ತಲೆ ನೋಯದ ದಿನವೇ ಇಲ್ಲದಾಯಿತು. ಆಗ ವೈದ್ಯರೊಬ್ಬರು ತಿಳಿಸಿ ಹೇಳಿದರು: ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ, ಬೆರಕೆ ಗುಳಿಗೆಯನ್ನು 10 ದಿನ ಮೀರಿ ತಿಂಗಳುಗಟ್ಟಲೆ ನುಂಗಿದರೆ ಆ ಗುಳಿಗೆಯೇ ತಲೆನೋವನ್ನು ತರುತ್ತದೆ. ಒಂದು ದಿನದ ಪಗಾರ ಉಳಿಸಲು ನುಂಗಿದ ಗುಳಿಗೆ ಇಡೀ ವರ್ಷವನ್ನು ನುಂಗಿತು.

ಈ ಬೇನೆಗೆ ಉಪಾಯವಿಲ್ಲವೆಂದು ಯಾರೂ ತಿಳಿಯಬಾರದು. ಶೂಲೆ ಎದ್ದಾಗ ತಡಮಾಡದೆ ಸರಿಯಾದ ಪ್ರಮಾಣದಲ್ಲಿ ಔಷಧ ತೆಗೆದುಕೊಂಡು ಕತ್ತಲೆಯಲ್ಲಿ ಮಲಗಬೇಕು. ಮೇಲಿಂದ ಮೇಲೆ ಬರುವವರಿಗೆ ಶೂಲೆ ಏಳದಂತೆ ತಡೆಯುವ ಔಷಧಗಳೇ ಬೇರೆ ಇವೆ. ಪ್ರೊಪ್ರನೊಲಾಲ್ ಅಂಥದೊಂದು, ಹಳೆಯದು, ಅಗ್ಗದ್ದು, ಜಾಗತಿಕ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿರುವಂಥದು. ಶೂಲೆ ಎದ್ದಾಗ ಕೊಡುವ ಸುಮಾಟ್ರಿಪ್ಟಾನ್ ಕೂಡ 2021ರಲ್ಲಿ ಆ ಪಟ್ಟಿಗೆ ಸೇರಿತು. ಇವನ್ನು ವೈದ್ಯರು ನೋಡಿಯೇ ಕೊಡಬೇಕು; ದಮ್ಮು ಇದ್ದವರಿಗೆ ಪ್ರೊಪ್ರನೊಲಾಲ್ ಸಲ್ಲದು. ಇನ್ನೊಂದು ಮಾತು: ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ ನೋವು, ಕೈಕಾಲು ಸೋತು ಮಾತು ತೊದಲುವುದು, ಜ್ವರದೊಂದಿಗೆ ಕುತ್ತಿಗೆ ಬಿಗಿಯುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಸುರುವಾದ ತಲೆನೋವು, ಇವನ್ನು ಅರೆತಲೆಶೂಲೆಯೆಂದು ಮನೆಯಲ್ಲಿ ಕೂಡ್ರಬಾರದು. ಕೂಡಲೇ ದವಾಖಾನೆಗೆ ಒಯ್ಯಬೇಕು.

ಆದರೆ ವೈದ್ಯರನ್ನು ಕಾಣುವುದು ಹೇಗೆ? ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯಲ್ಲಿ ಜನರು ಕಿಮ್ಸ್ ಎಂದೇ ಕರೆಯುವ ದೊಡ್ಡ ದವಾಖಾನೆಯಿದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಚಾರ್ಜು ಇಲ್ಲ, ಅದು ಒಳ್ಳೆಯದೇ. ಆದರೆ ಹೋಗಿ ಸರದಿಯಲ್ಲಿ ನಿಂತು ಬರುವಷ್ಟರಲ್ಲಿ ದಿನ ಹೋಯಿತು, ದಿನದ ಕೂಲಿಯೂ ಹೋಯಿತು. 2022ರಲ್ಲಿ ರಾಜ್ಯ ಸರಕಾರ ಮತ್ತು ನಿಮ್ಹಾನ್ಸ್ ಕೂಡಿ ಮೆದುಳು ಆರೋಗ್ಯದ ಯೋಜನೆಯೊಂದನ್ನು ಸುರುಮಾಡಿದಾಗ ಅದರಲ್ಲಿ ತಲೆನೋವನ್ನೂ ಸೇರಿಸಿದ್ದರು. ಸರಕಾರಕ್ಕೆ ಇದು ಬೇನೆಯೆಂದು ಗೊತ್ತಿದೆಯೆಂಬುದಕ್ಕೆ ಇದೇ ಸಾಕ್ಷಿ. ಗೊತ್ತಿದ್ದುದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಇಳಿದು ಬರಬೇಕೆಂಬುದೇ ನಮ್ಮ ಮಾತು.

ಕಾಯ್ದೆಗಳ ಕಡೆ ನೋಡೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿತು. ಅದರಲ್ಲಿ ಮೈಗ್ರೇನಿನ ಹೆಸರಿಲ್ಲ. 2025ರ ಅಕ್ಟೋಬರದಲ್ಲಿ ರಾಜ್ಯದ ಮಂತ್ರಿಮಂಡಲವು ನೌಕರಿಯಲ್ಲಿರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನ ಪಗಾರ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ನಾವು ಅದನ್ನು ಮನಸಾರೆ ಸ್ವಾಗತಿಸಿದೆವು. ಆದರೆ ಇಂದು ಈ ಹೊಲ, ನಾಳೆ ಆ ಹೊಲ ಎಂದು ದುಡಿಯುವ ಹೆಣ್ಣಾಳಿಗೆ ರಜೆ ಕೊಡುವ ಧಣಿ ಯಾರು? 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೆಲಸದ ಜಾಗದಲ್ಲಿ ಕುಡಿಯುವ ನೀರು, ವಿಶ್ರಾಂತಿಯ ವೇಳೆಗೆ ನೆರಳು, ಔಷಧದ ಪೆಟ್ಟಿಗೆ ಇರಬೇಕೆಂದು ಬರೆದಿತ್ತು. ಎಷ್ಟು ಕೆರೆ ಹೂಳಿನ ಕೆಲಸಗಳಲ್ಲಿ ನೆರಳನ್ನು ಕಂಡಿರಿ, ವಾಚಕರೇ ಹೇಳಲಿ. ಕಾಯ್ದೆಯ ಹೆಸರು ಬದಲಾದರೂ ಬಿಸಿಲು ಬದಲಾಗುವುದಿಲ್ಲ.

ಇದಕ್ಕೆ ಒಪ್ಪಿದರೆ ಎಲ್ಲರೂ ತಲೆನೋವಿನ ನೆಪ ಹೇಳುತ್ತಾರೆ ಎನ್ನುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟು: ನೆಪ ಈಗಲೂ ನಡೆದೇ ಇದೆ, ಜ್ವರದ ಹೆಸರಿನಲ್ಲಿ. ಕೂಲಿ ಮುರಿಯುತ್ತದೆಂದು ಗೊತ್ತಿದ್ದೂ ಮಲಗಿದವಳು ಸುಖಕ್ಕೆ ಮಲಗಿರುವುದಿಲ್ಲ. ಎರಡು ತಾಸು ನೆರಳಿಗೆ ಬಿಟ್ಟರೆ ಸಂಜೆಗೆ ಎದ್ದು ದುಡಿಯುವವಳನ್ನು ಬಿಸಿಲಿನಲ್ಲಿಯೇ ನಿಲ್ಲಿಸಿ ಎರಡು ದಿನ ಕೆಡಹುವುದು ಯಾವ ಲಾಭದ ಲೆಕ್ಕ?

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಬೇನೆಯನ್ನು ಗುರುತಿಸುವ ತಿಳಿವಳಿಕೆ ಮತ್ತು ತಡೆಯುವ ಅಗ್ಗದ ಔಷಧಗಳು ಇರಬೇಕು. ಕೆಲಸದ ಜಾಗದಲ್ಲಿ ನೀರು, ನೆರಳು, ಹೆಣ್ಣುಮಕ್ಕಳಿಗೆ ಮರೆ ಇರಬೇಕು. ಶಾಲೆ ಕಚೇರಿಗಳಲ್ಲಿ ಒಂದು ಕತ್ತಲೆಯ ಕೋಣೆ ಮತ್ತು ಪಗಾರ ಮುರಿಯದ ಅರ್ಧ ದಿನ ಸಿಗಬೇಕು.

ಇನ್ನು ನಮ್ಮ ಮನೆಯ ಮಾತು. ಪರರಿಗೆ ಹೇಳುವ ಮೊದಲು ನಾವು ತಿದ್ದಿಕೊಳ್ಳಬೇಕು. ರಾತ್ರಿ ಹನ್ನೆರಡರವರೆಗೆ ಸಭೆ, ಉಪವಾಸದ ಮೆರವಣಿಗೆ, ನಿದ್ದೆಗೆಟ್ಟವನೇ ನಿಜವಾದ ಕಾರ್ಯಕರ್ತ ಎಂಬ ಹೊಗಳಿಕೆ, ಇವು ನಮ್ಮಲ್ಲಿಯೂ ಇವೆ. ಎರಡು ವರ್ಷದ ಹಿಂದೆ ಅಣ್ಣಿಗೇರಿಯ ಒಬ್ಬ ಸಂಗಾತಿ ಮೇಲಿಂದ ಮೇಲೆ ಜ್ವರವೆಂದು ಸಭೆ ತಪ್ಪಿಸಿದಾಗ, ಆತನಿಗೆ ಚಳವಳಿಯ ಕಳಕಳಿಯಿಲ್ಲವೆಂದು ನಾಲ್ಕು ಜನರೆದುರು ಆಡಿದವರು ನಾವೇ. ಆತ ಆಮೇಲೆ ಬರುವುದನ್ನೇ ಬಿಟ್ಟ. ಅದೇ ಸುಳ್ಳನ್ನು ಹೇಳುತ್ತಿದ್ದ ನಮಗೆ ಆತನನ್ನು ಒಮ್ಮೆ ಒಂಟಿಯಾಗಿ ಕೇಳಬೇಕೆಂದು ತೋಚಲಿಲ್ಲ. ಈ ಪತ್ರಿಕೆ ಆತನ ಊರಿಗೂ ಹೋಗುತ್ತದೆ. ಆತನ ಕ್ಷಮೆ ಕೇಳುತ್ತೇವೆ.

ಬರುವ ರವಿವಾರ ಕುಂದಗೋಳದ ಸಭೆಯನ್ನು ಬೆಳಿಗ್ಗೆ ಎಂಟಕ್ಕೆ, ನೆರಳಿನಲ್ಲಿ ಇಟ್ಟಿದ್ದೇವೆ. ಅಂದು ನಮಗೆ ಬರಲಾಗದಿದ್ದರೆ ತಲೆಶೂಲೆಯೆಂದೇ ಹೇಳಿ ಕಳಿಸುತ್ತೇವೆ. ಬರಲಾಗದ ಸಂಗಾತಿಗಳೂ ಹಾಗೆಯೇ ಹೇಳಿ ಕಳಿಸಲಿ. ಯಾರೂ ನಗುವುದಿಲ್ಲ.